ಅಲ್ಯೂಮಿನಿಯಂ ದೋಣಿಯ ನೀರುಗೆರೆಗೆ ಬ್ರೈಟನರ್ ಹಾಕುವ ಮುನ್ನ ಇದನ್ನು ಓದಿ

ಅಮೆರಿಕದ ಲೇಕ್ ಮೀಡ್‌ನ ಬಂಡೆಗಳ ಮೇಲೆ ಸುಣ್ಣ ಬಳಿದಂಥ ಬಿಳಿ ಪಟ್ಟಿ ಇದೆಯಲ್ಲ, ಅಲ್ಲಿ ಕಟ್ಟಿಹಾಕಿದ ದೋಣಿಗಳ ಹೊಟ್ಟೆಗೆ ಅಂಟುವುದೂ ಅದೇ. ಆ ಜಲಾಶಯ ತುಂಬಿಸುವ ಕೊಲೊರಾಡೊ ನದಿಯದು ಗಡಸು ನೀರು, ಒಣಗಿದಲ್ಲೆಲ್ಲ ಸುಣ್ಣದ ಪೊರೆ ಉಳಿಯುತ್ತದೆ. ಅದನ್ನು ತೆಗೆಯಲು ಹೋಗಿ 16 ಅಡಿಯ ಒಂದು ರಿವೆಟ್ ದೋಣಿ ಕೆಟ್ಟ ಬಗೆ ಇದು.

ಬ್ರೈಟನರ್ ಎಂದರೆ ಅಲ್ಯೂಮಿನಿಯಂಗೆ ಹೊಳಪು ತರುವ ಆಸಿಡ್ ಕ್ಲೀನರ್. ಅದನ್ನು ನೀರು ಬೆರೆಸದೆ, ಮಧ್ಯಾಹ್ನದ ಬಿಸಿಲಲ್ಲಿ, ಮೇಲಿನಿಂದ ಕೆಳಕ್ಕೆ ಸಿಂಪಡಿಸಲಾಯಿತು. ಮೂರೂ ತಪ್ಪು. ಕಾದ ತಗಡಿನ ಮೇಲೆ ಆಸಿಡ್ ತೊಳೆಯುವ ಮೊದಲೇ ಒಣಗಿತು. ಒಣ ಮೈಮೇಲೆ ಇಳಿದ ಹನಿಗಳು ಗೆರೆಗೆರೆಯಾಗಿ ಲೋಹವನ್ನು ತಿಂದವು. ಸುಣ್ಣವೇನೋ ಹೋಯಿತು. ಆದರೆ ಉಳಿದ ಬೂದು ಗೆರೆಗಳು ಕಲೆಯಲ್ಲ, ಸವೆದ ಲೋಹ. ಯಾವ ಸೋಪಿಗೂ ಹೋಗುವುದಿಲ್ಲ. ಕೆಳಗಿದ್ದ ಟ್ರೇಲರ್‌ನ ಸತುವಿನ ಲೇಪವೂ ಕಿತ್ತುಹೋಯಿತು.

ಇನ್ನೂ ದೊಡ್ಡ ಅಪಾಯ ಕೈಗೆ. ಹಲವು ಬ್ರೈಟನರ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ತೆಳುವಾದದ್ದು ತಗುಲಿದರೆ ತಕ್ಷಣ ಉರಿಯುವುದೇ ಇಲ್ಲ, ಗಂಟೆಗಟ್ಟಲೆ ಕಳೆದ ಮೇಲೆ ನೋವು ಶುರು. ಅಷ್ಟರಲ್ಲಿ ಅದು ಒಳಗಿಳಿದು ಮೈಯ ಕ್ಯಾಲ್ಸಿಯಂ ಹೀರತೊಡಗಿರುತ್ತದೆ. ತಗುಲಿದರೆ ನೀರಲ್ಲಿ ಚೆನ್ನಾಗಿ ತೊಳೆದು, 2.5% ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಹಚ್ಚಿ, ನೋವಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಡಬ್ಬದ ಮೇಲೆ ಆ ಹೆಸರು ಕಂಡರೆ ಅಂಗಡಿಯಲ್ಲೇ ಬಿಟ್ಟುಬನ್ನಿ.

ಟಾಯ್ಲೆಟ್ ಕ್ಲೀನರ್‌ನ ಆಸಿಡ್ಡೂ ಬೇಡ, ಓವನ್ ಕ್ಲೀನರ್‌ನ ಕಾಸ್ಟಿಕ್ ಸೋಡಾವೂ ಬೇಡ; ಅಲ್ಯೂಮಿನಿಯಂ ಎರಡರಲ್ಲೂ ಕರಗುತ್ತದೆ. ಆಸಿಡ್ ಹಾಕಿದ ಮೈಗೆ ಬ್ಲೀಚ್ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸ್ಟೀಲ್ ವೂಲ್ ಕಬ್ಬಿಣದ ಚೂರುಗಳನ್ನು ಬಿಟ್ಟುಹೋಗುತ್ತದೆ, ಅವುಗಳ ಸುತ್ತ ಗುಳಿ ಬೀಳುತ್ತದೆ.

ದೋಣಿಯನ್ನು ನೆರಳಿಗೆ ತನ್ನಿ, ತಗಡು ಕೈಗೆ ತಣ್ಣಗಾಗಲಿ. ಕಂದು, ಹಸಿರು ಬಣ್ಣದ್ದು ಪಾಚಿ. ನೀರಿನಿಂದ ತೆಗೆದ ದಿನವೇ, ಹಸಿ ಇರುವಾಗಲೇ, ಪಾತ್ರೆ ಸೋಪು ಮತ್ತು ನೈಲಾನ್ ಬ್ರಶ್‌ಗೆ ಬಹುಪಾಲು ಹೋಗುತ್ತದೆ. ಉಳಿದ ಬಿಳಿಗೆ 5% ಬಿಳಿ ವಿನೆಗರ್, ಅಷ್ಟೇ ನೀರು. ವಿನೆಗರೂ ಆಸಿಡ್ಡೇ, ಆದರೆ ದುರ್ಬಲ, ನಿಧಾನ. ಹಾಗಾಗಿ ಗಡಿಯಾರ ನಿಮ್ಮ ಕೈಯಲ್ಲಿರುತ್ತದೆ. ಮೊದಲು ಹಿಂಬದಿಯಲ್ಲಿ ಅಂಗೈಯಗಲ ಪರೀಕ್ಷಿಸಿ. ದೋಣಿಯ ಮೈಯೆಲ್ಲ ನೀರಲ್ಲಿ ನೆನೆಸಿ, ದ್ರಾವಣವನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಿ, ಒಮ್ಮೆಗೆ 2 ಅಡಿ ಮಾತ್ರ. ಅದ್ದಿದ ಬಟ್ಟೆಯನ್ನು 5 ನಿಮಿಷ ಅಂಟಿಸಿ, ಉಜ್ಜಿ, ತೊಳೆಯಿರಿ. ಪೊರೆ ದಪ್ಪವಿದ್ದರೆ ಮತ್ತೊಮ್ಮೆ ಮಾಡಿ, ದ್ರಾವಣ ಗಟ್ಟಿ ಮಾಡಬೇಡಿ. ಕೊನೆಗೆ ಲೀಟರ್ ನೀರಿಗೆ 2 ಚಮಚ ಅಡುಗೆ ಸೋಡಾ ಕಲಸಿ ಸುರಿದು, ಮತ್ತೆ ತೊಳೆಯಿರಿ. ರಿವೆಟ್ ತಲೆಗಳ ಸುತ್ತ, ಬೆಸುಗೆಯ ಸಂದಿನಲ್ಲಿ ಹುಳಿ ಅಡಗಿ ಕೂರುತ್ತದೆ. ಅಲ್ಲಿಗೆ ಪೈಪಿನ ನೀರು ಎರಡು ಸಲ ಬಿಡಿ.