ಡಾಂಗಲ್ಲೋ ಬ್ಲೂಟೂತೋ: ಒತ್ತಕ್ಷರ ತಿನ್ನೋ ಕೀಬೋರ್ಡಿನ ಜೊತೆ ಬಾಳ್ವೆ

ಒತ್ತಕ್ಷರ ತಿನ್ನೋ ಕೀಬೋರ್ಡ್ ಯಾರಾದ್ರೂ ನೋಡಿದೀರಾ? ನನ್ನ ಹತ್ರ ಇದೆ. ಈಗ ತಿನ್ನಲ್ಲ, ಆದ್ರೆ ಒಂದು ಕಾಲದಲ್ಲಿ ಚೆನ್ನಾಗೇ ತಿಂತಿತ್ತು.

ನಾನು ಮನೇಲೇ ಕೂತು ಪುಸ್ತಕಗಳ ಟೈಪಿಂಗು, ಕರಡು ತಿದ್ದೋ ಕೆಲಸ ಮಾಡೋನು. ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಹೊಡೆಯೋದು, ಅಂದ್ರೆ ಕೆ.ಪಿ. ರಾವ್ ಅವರ ಕೀಬೋರ್ಡ್ ಲೇಔಟು. ಅದರಲ್ಲಿ ಒತ್ತು ಬರಬೇಕಾದ್ರೆ ಎಫ್ ಕೀ ಒತ್ತಬೇಕು. ಕನ್ನಡ ಅಂತ ಬರೆಯೋಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ, ಮಧ್ಯದ ಎಫ್ ಒಂದು ಹಾರಿಹೋದ್ರೆ ಸ್ಕ್ರೀನ್ ಮೇಲೆ ‘ಕನನಡ’. ಅದಾದ್ರೂ ಕಣ್ಣಿಗೆ ಹೊಡೆಯುತ್ತೆ ಬಿಡಿ, ದೀರ್ಘ ಹಾರಿಹೋದ್ರೆ ಬಾಳೆ ಹೋಗಿ ಬಳೆ ಆಗುತ್ತೆ, ಕಾಡು ಹೋಗಿ ಕಡು ಆಗುತ್ತೆ, ಎರಡೂ ಸರಿಯಾದ ಪದಾನೇ, ಯಾವ ಸ್ಪೆಲ್‌ಚೆಕ್ಕೂ ಹಿಡಿಯಲ್ಲ. ದಿನಕ್ಕೆ ಇಷ್ಟು ಪುಟ ಅಂತ ದುಡ್ಡು ತಗೊಳ್ಳೋನಿಗೆ ಇದು ಎಂಥಾ ತಲೆನೋವು ಅಂತ ಯೋಚನೆ ಮಾಡಿ.

ಕೀಬೋರ್ಡು ಮೌಸು ಸೇರಿ ಒಂದೂವರೆ ಸಾವಿರದ ಆಸುಪಾಸಿನ ವೈರ್‌ಲೆಸ್ ಕಾಂಬೋ, ಯುಎಸ್‌ಬಿ ಪೋರ್ಟಿಗೆ ಚುಚ್ಚೋ ಸಣ್ಣ ಡಾಂಗಲ್ ಜೊತೆ ಬರುತ್ತಲ್ಲ, ಅದೇ. ಮೊದಮೊದಲು ಏನೂ ತಕರಾರಿಲ್ಲ. ಆಮೇಲೆ ಶುರುವಾಯ್ತು, ಕೆಲವು ಸಲ ಅಕ್ಷರ ಮಾಯ, ಕೆಲವು ಸಲ ಲಲಲಲಲ ಅಂತ ನಿಲ್ಲಿಸದೇ ಹೊಡ್ಕೊಂಡು ಹೋಗೋದು, ಮೌಸ್ ಬಾಣ ಕುಂಟ್ಕೊಂಡು ಕುಂಟ್ಕೊಂಡು ಹೋಗೋದು. ಹೊಸ ಸೆಲ್ ಹಾಕಿದ್ದಾಯ್ತು. ಕಸ್ಟಮರ್ ಕೇರಿನವರು ಡ್ರೈವರ್ ತೆಗೆದು ಮತ್ತೆ ಹಾಕಿ ಅಂದ್ರು, ಹಾಕಿದ್ದಾಯ್ತು. ಮತ್ತೆ ಫೋನ್ ಮಾಡಿದ್ರೆ ಮತ್ತೆ ಅದೇ ಡ್ರೈವರ್ ಪುರಾಣ. ಕೊನೆಗೆ ಗೊತ್ತಾಗಿದ್ದು ಏನಪ್ಪಾ ಅಂದ್ರೆ, ಇದು ಸಂಜೆ ಹೊತ್ತು ಮಾತ್ರ ಆಗ್ತಿತ್ತು, ಅದೂ ನಾನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಹಾಕ್ಕೊಂಡು ಕೆಲಸ ಮುಂದುವರಿಸೋವಾಗ. ಡಿಸ್ಕ್ ಕಿತ್ರೆ ಕೀಬೋರ್ಡು ಸರಿ, ಚುಚ್ಚಿದ್ರೆ ಮತ್ತೆ ಶುರು.

ಇದು ಹೊಸ ವಿಷಯವೇನಲ್ಲ. ಇಂಟೆಲ್‌ನವರೇ 2012ರಲ್ಲಿ ಇದರ ಬಗ್ಗೆ ಪೇಪರ್ ಬರೆದಿದಾರೆ. ಇಂಥ ಡಿಸ್ಕ್ ಚುಚ್ಚೋ ಯುಎಸ್‌ಬಿ 3.0ರಲ್ಲಿ ಡೇಟಾ ಸೆಕೆಂಡಿಗೆ 5 ಗಿಗಾಬಿಟ್ ಸ್ಪೀಡಲ್ಲಿ ಓಡುತ್ತೆ, ಆ ಸಿಗ್ನಲ್ಲಿನ ಗದ್ದಲ ಸರಿಯಾಗಿ 2.4ರಿಂದ 2.5 ಗಿಗಾಹರ್ಟ್ಸ್ ಜಾಗದಲ್ಲೂ ಹರಡುತ್ತೆ, ಪೋರ್ಟಿಂದ, ಕೇಬಲ್ಲಿಂದ, ಡಿಸ್ಕಿಂದಲೂ. ನಮ್ಮ ಡಾಂಗಲ್ ಕಿವಿ ಕೊಟ್ಟು ಕೂತಿರೋದೂ ಅದೇ ಜಾಗದಲ್ಲಿ. ಸೆಲ್ ಉಳಿಸ್ಬೇಕು ಅಂತ ಕೀಬೋರ್ಡು ಮೊದಲೇ ಸಣ್ಣ ದನಿಯಲ್ಲಿ ಮಾತಾಡುತ್ತೆ, ಜಾತ್ರೆ ಮೈಕಿನ ಪಕ್ಕ ನಿಂತೋನ ಕಿವೀಲಿ ಪಿಸುಗುಟ್ಟಿದ ಹಾಗೆ. ಕೀ ಒತ್ತಿದ್ದು ಕೇಳಿಸದೇ ಇದ್ರೆ ಅಕ್ಷರ ಹೋಯ್ತು, ಬಿಟ್ಟಿದ್ದು ಕೇಳಿಸದೇ ಇದ್ರೆ ಲಲಲಲಲ.

ಔಷಧಿ ಏನು ಗೊತ್ತಾ? ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್. ಬೆಂಗಳೂರಿನ ಎಸ್‌ಪಿ ರೋಡಲ್ಲಿ ನೂರು ಚಿಲ್ಲರೆ. ಡಾಂಗಲ್ನ ಹಾರ್ಡ್ ಡಿಸ್ಕ್ ಪಕ್ಕದಿಂದ ಎಬ್ಬಿಸಿ, ಇನ್ನೊಂದು ಬದಿಯ 2.0 ಪೋರ್ಟಿಗೆ ಈ ಕೇಬಲ್ ಹಾಕಿ, ತುದೀಲಿ ಡಾಂಗಲ್ ಸಿಕ್ಕಿಸಿ ಟೇಬಲ್ ಲ್ಯಾಂಪಿನ ಬುಡದಲ್ಲಿ ಇಟ್ಟಿದೀನಿ. ಕೀಬೋರ್ಡಿಗೂ ಅದಕ್ಕೂ ಒಂದು ಗೇಣು ದೂರ. ಅವತ್ತಿಂದ ಒಂದು ಒತ್ತೂ ಕಳೆದಿಲ್ಲ. ವೈರ್ ಬೇಡ ಅಂತ ವೈರ್‌ಲೆಸ್ ತಗೊಂಡು ಅದಕ್ಕೊಂದು ವೈರ್ ಕೊಂಡಿದ್ದು ನೋಡಿ ಮನೆಯವಳು ನಕ್ಕಿದ್ದು ಬೇರೆ ಮಾತು. ಆದ್ರೆ ನನ್ನ ಸಿಟ್ಟು ಇರೋದು ಇಲ್ಲಿ: ಈ ನೂರು ರೂಪಾಯಿ ಕೇಬಲ್ ಮಾತು ಡಬ್ಬಿ ಮೇಲಿಲ್ಲ, ಕಸ್ಟಮರ್ ಕೇರಿನ ಬಾಯಲ್ಲೂ ಇಲ್ಲ. ಡಬ್ಬಿ ಮೇಲೆ ‘10 ಮೀಟರ್ ರೇಂಜ್’ ಅಂತ ಮಾತ್ರ ಇದೆ. ಹತ್ತು ಮೀಟರ್ ದೂರ ಕೂತು ಯಾರು ಸ್ವಾಮಿ ಟೈಪ್ ಮಾಡ್ತಾರೆ?

ಈ ಜಗಳದ ಮಧ್ಯೆ ಬೇಜಾರಾಗಿ ಬ್ಲೂಟೂತ್ ಕೀಬೋರ್ಡೂ ಒಂದು ತಗೊಂಡೆ, ಮೂರು ಡಿವೈಸಿಗೆ ಕೂರಿಸೋ ಥರದ್ದು. ಪ್ರೂಫ್ ನೋಡೋ ಲ್ಯಾಪ್‌ಟಾಪಲ್ಲಿ ಇರೋದೇ ಎರಡು ಟೈಪ್-ಸಿ ಪೋರ್ಟು, ಡಾಂಗಲ್ ಚುಚ್ಚೋಕೆ ಜಾಗಾನೇ ಇಲ್ಲ, ಹಾಗಾಗಿ ನೆಪಾನೂ ಸಿಕ್ತು. ಬ್ಲೂಟೂತೂ ಅದೇ 2.4 ಗಿಗಾಹರ್ಟ್ಸಲ್ಲೇ ಓಡೋದು, ಆದ್ರೆ ಒಂದೇ ಕಡೆ ಕೂರಲ್ಲ, ಚಾನೆಲ್ಲಿಂದ ಚಾನೆಲ್ಲಿಗೆ ಹಾರ್ತಾ ಇರುತ್ತೆ, ವೈಫೈ ಗಲಾಟೆ ಇರೋ ಚಾನೆಲ್ ಬಿಟ್ಟು ಹಾರುತ್ತೆ. ಜೊತೆಗೆ ಸುಮಾರು ಲ್ಯಾಪ್‌ಟಾಪಲ್ಲಿ ಆಂಟೆನಾ ಇರೋದು ಸ್ಕ್ರೀನ್ ಕಡೆ, ಪೋರ್ಟಿಂದ ದೂರ. ಬ್ಯಾಕಪ್ ಹಾಕ್ಕೊಂಡೇ ಹೊಡೆದು ನೋಡಿದೀನಿ, ಅಕ್ಷರ ಹೋಗಲ್ಲ.

ಇದರಲ್ಲಿ ನಿಜವಾದ ಸುಖ ಅಂದ್ರೆ ಆ 1, 2, 3 ಬಟನ್ನು. 1 ಒತ್ತಿದ್ರೆ ಡೆಸ್ಕ್‌ಟಾಪಿನ ವಿಂಡೋಸು, 2 ಒತ್ತಿದ್ರೆ ಅದೇ ಮಷೀನಿನ ಉಬುಂಟು (ಲಿನಕ್ಸ್), 3 ಲ್ಯಾಪ್‌ಟಾಪು. ಒಂದೇ ಮಷೀನಿಗೆ ಎರಡು ನಂಬರ್ ಯಾಕೆ ಅಂದ್ರೆ, ಬ್ಲೂಟೂತಲ್ಲಿ ಜೋಡಿ ಮಾಡಿದಾಗ ಎರಡೂ ಕಡೆ ಒಂದು ಗುಟ್ಟಿನ ಕೀ ಉಳಿಸ್ಕೊಳ್ತವೆ, ಉಬುಂಟುಲಿ ಹೊಸದಾಗಿ ಜೋಡಿ ಮಾಡಿದ್ರೆ ವಿಂಡೋಸಲ್ಲಿರೋ ಹಳೇ ಕೀ ದಂಡ. ಬೇರೆ ಬೇರೆ ನಂಬರಿಗೆ ಕೂರಿಸಿದ್ರೆ ಆ ರಗಳೆ ಇಲ್ಲ.

ಆದ್ರೆ ಬೆಳಿಗ್ಗೆ ಹೊತ್ತು ನೋಡಬೇಕು ಇದರ ಸೋಮಾರಿತನ! ಸ್ವಲ್ಪ ಹೊತ್ತು ಮುಟ್ಟದೇ ಇದ್ರೆ ನಿದ್ದೆಗೆ ಹೋಗುತ್ತೆ, ಎಬ್ಬಿಸಿದ್ರೆ ಕನೆಕ್ಟ್ ಆಗೋಕೆ ಒಂದೆರಡು ಸೆಕೆಂಡು, ಅಷ್ಟರಲ್ಲಿ ಹೊಡೆದ ಮೊದಲ ಅಕ್ಷರಗಳು ಗೋವಿಂದ. ಹಾಗಾಗಿ ಈಗ ಕೈಗೆ ರೂಢಿಯಾಗಿಬಿಟ್ಟಿದೆ: ಕಾಫಿ ಲೋಟ ಬಲಗೈಲಿ, ಎಡಗೈಲಿ ಸುಮ್ನೆ ಶಿಫ್ಟ್ ಒಂದು ಸಲ ಒತ್ತಿ ಬಿಡೋದು, ಶಿಫ್ಟ್ ಹಾರಿಹೋದ್ರೂ ನಷ್ಟ ಇಲ್ಲ ನೋಡಿ, ಒಂದು ಗುಟುಕು ಕುಡಿಯೋದು, ಲೋಟ ಕೆಳಗಿಡೋ ಹೊತ್ತಿಗೆ ಅದು ಎದ್ದಿರುತ್ತೆ. ಡಾಂಗಲ್ ಕೀಬೋರ್ಡಿಗೆ ಈ ಉಪಚಾರ ಏನೂ ಬೇಡ, ಒತ್ತಿದ ತಕ್ಷಣ ಹಾಜರ್.

ಇನ್ನೊಂದು ದೊಡ್ಡ ಕಿರಿಕಿರಿ, ವಿಂಡೋಸ್ ಏಳೋಕೆ ಮುಂಚೆ ಬ್ಲೂಟೂತ್ ಕೀಬೋರ್ಡು ಸತ್ತಂತೆ. ಬಯೋಸಿಗೆ, ಅಂದ್ರೆ ವಿಂಡೋಸಿಗೂ ಮುಂಚೆ ಬರೋ ಸೆಟ್ಟಿಂಗಿನ ಪರದೆಗೆ, ಹೋಗಬೇಕು ಅಂದ್ರೆ ಆಗಲ್ಲ. ಲ್ಯಾಪ್‌ಟಾಪಲ್ಲಿ ಬಿಟ್‌ಲಾಕರ್ ಪಿನ್ (ವಿಂಡೋಸ್ ಏಳೋಕೆ ಮುಂಚೆ ಕೇಳೋ ಡಿಸ್ಕ್ ಬೀಗದ ಪಿನ್) ಹಾಕಿದೀನಿ, ಲ್ಯಾಪ್‌ಟಾಪನ್ನ ಸ್ಟ್ಯಾಂಡ್ ಮೇಲೆ ಮುಚ್ಚಿಟ್ಟು ದೊಡ್ಡ ಮಾನಿಟರಲ್ಲಿ ಕೆಲಸ ಮಾಡೋದು ನನ್ನ ಅಭ್ಯಾಸ, ಆದ್ರೆ ದಿನಾ ಬೆಳಿಗ್ಗೆ ಆ ಪಿನ್ ಹೊಡೆಯೋಕೆ ಅಂತಾನೇ ಮುಚ್ಚಳ ತೆಗೀಬೇಕು. ಡಾಂಗಲ್ ಹಂಗಲ್ಲ, ಅದು ಕಂಪ್ಯೂಟರಿಗೆ ಮಾಮೂಲಿ ಯುಎಸ್‌ಬಿ ಕೀಬೋರ್ಡ್ ಥರಾನೇ ಕಾಣುತ್ತೆ, ಪವರ್ ಬಂದ ಕ್ಷಣದಿಂದ ಕೆಲಸ ಮಾಡುತ್ತೆ. ಇಷ್ಟೆಲ್ಲಾ ಬೈದ ಮೇಲೂ ಡೆಸ್ಕ್‌ಟಾಪಿಗೆ ಡಾಂಗಲ್ನೇ ಉಳಿಸ್ಕೊಂಡಿರೋದು ಇದಕ್ಕೇ.

ಸ್ಪೀಡಿನ ವಿಷಯ ನನಗೆ ಅಷ್ಟಾಗಿ ಬೇಕಿಲ್ಲ. ಸಾಮಾನ್ಯ ಬ್ಲೂಟೂತ್ ಮೌಸು ಸೆಕೆಂಡಿಗೆ ಹೆಚ್ಚಂದ್ರೆ 130ರ ಆಸುಪಾಸು ಸಲ ವರದಿ ಒಪ್ಪಿಸುತ್ತೆ, ಗೇಮಿಂಗ್ ಡಾಂಗಲ್ ಮೌಸು 1000 ಸಲ. ಕರಡು ತಿದ್ದೋನಿಗೆ ಅದು ಗೊತ್ತೂ ಆಗಲ್ಲ. ತಂಗಿ ಮಗ ಬಂದಾಗ ನನ್ನ ಬ್ಲೂಟೂತ್ ಮೌಸ್ ಮುಟ್ಟಿ ‘ಮಾಮ, ಇದರಲ್ಲಿ ಗುಂಡು ಹೊಡೆದ್ರೆ ನಾನೇ ಮೊದಲು ಸಾಯೋದು’ ಅಂದ, ಅವನ ಮಾತು ಅವನಿಗೆ ಸರಿ.

ಹ್ಯಾಕ್ ಮಾಡೋರ ಭಯ ಇರೋರಿಗೆ ಒಂದು ಮಾತು. 2016ರಲ್ಲಿ ಬ್ಯಾಸ್ಟಿಲ್ ಅನ್ನೋ ಕಂಪನಿಯ ಮಾರ್ಕ್ ನ್ಯೂಲಿನ್ ಮೌಸ್‌ಜ್ಯಾಕ್ ಅನ್ನೋ ಭದ್ರತೆಯ ತೂತು ತೋರಿಸಿದ್ರು, ಹಲವು ಕಂಪನಿಗಳ ಡಾಂಗಲ್‌ಗಳು ಮೌಸಿನ ಮಾತಿಗೆ ಬೀಗ ಹಾಕಿರಲಿಲ್ಲ, ದೂರದಲ್ಲಿ ಕೂತೋನು ಮೌಸಿನ ವೇಷದಲ್ಲಿ ಬಂದು ನಿಮ್ಮ ಮಷೀನಲ್ಲಿ ಟೈಪ್ ಮಾಡಬಹುದಿತ್ತು. ಹಾಗಂತ ಬ್ಲೂಟೂತ್ ಸಾಚಾ ಅಂದ್ಕೋಬೇಡಿ, ಅದೇ ನ್ಯೂಲಿನ್ 2023ರಲ್ಲಿ ಆಂಡ್ರಾಯ್ಡ್, ಲಿನಕ್ಸ್, ಆ್ಯಪಲ್ ಎಲ್ಲದರ ಬ್ಲೂಟೂತಲ್ಲೂ ಅಂಥದ್ದೇ ತೂತು ತೋರಿಸಿದ್ರು. ಬ್ಲೂಟೂತಿನ ತೂತು ಅಪ್‌ಡೇಟಲ್ಲಿ ಮುಚ್ಚುತ್ತೆ, ಅಗ್ಗದ ಡಾಂಗಲ್ಲಿಗೆ ಅಪ್‌ಡೇಟ್ ಹಾಕೋ ದಾರೀನೇ ಸುಮಾರು ಸಲ ಇರಲ್ಲ.

ಸೆಲ್ಲಿನ ಲೆಕ್ಕಕ್ಕೆ ಬಂದ್ರೆ ಕೀಬೋರ್ಡು ಕಮ್ಮಿ ತಿನ್ನುತ್ತೆ, ಮೌಸು ಜಾಸ್ತಿ. ರೀಚಾರ್ಜೆಬಲ್ ಹಾಕೋದಾದ್ರೆ ಅದು 1.2 ವೋಲ್ಟು, ಮಾಮೂಲಿ ಸೆಲ್ಲು 1.5, ಹಾಗಾಗಿ ಚಾರ್ಜ್ ಇದ್ರೂ ಕೆಂಪು ದೀಪ ಬೇಗ ಮಿಣುಕುತ್ತೆ, ತಲೆ ಕೆಡಿಸ್ಕೋಬೇಡಿ.

ಮುಂದಿನ ಸಲ ನಾನು ತಗೊಳ್ಳೋದು ಡಾಂಗಲ್ಲೂ ಬ್ಲೂಟೂತೂ ಎರಡೂ ಇರೋ ಕೀಬೋರ್ಡೇ, ಮೂರು ಸಾವಿರದ ಮೇಲೆ ಒಂದು ರೂಪಾಯಿನೂ ಕೊಡಲ್ಲ. ಅದರ ಡಾಂಗಲ್ ಕಳೆದ್ರೆ ಬೇರೆಯದಕ್ಕೆ ಜೋಡಿ ಮಾಡೋಕೆ ಆಗುತ್ತಾ ಅಂತ ಅಂಗಡೀಲಿ ಮೊದಲು ಕೇಳ್ತೀನಿ. ಲಾಜಿಟೆಕ್ ಯೂನಿಫೈಯಿಂಗ್ ಥರದ್ದರಲ್ಲಿ ಒಂದೇ ಡಾಂಗಲ್ಲಿಗೆ ಆರು ಡಿವೈಸ್ ಸೇರಿಸಬಹುದು, ಅಗ್ಗದ ಕಾಂಬೋಗಳಲ್ಲಿ ಸಾಮಾನ್ಯವಾಗಿ ಆ ಸೌಲಭ್ಯ ಇಲ್ಲ, ಉಗುರಿನಷ್ಟು ಡಾಂಗಲ್ ಕಳೆದ್ರೆ ಕೀಬೋರ್ಡು ಮೌಸು ಎರಡೂ ಗುಜರಿಗೆ.