ಬಿಸಿಲಿನಲ್ಲಿ ಬೆಂದ ಪೋರ್ಟ್ ವೈನ್ ಮಾರ್ತಾರೆ, ಹುಷಾರು!

ಶಿವಮೊಗ್ಗದಲ್ಲಿ ಪೋರ್ಟ್ ವೈನ್ ತಗೊಳ್ಳೋರು ದಯವಿಟ್ಟು ಓದಿ. ಎರಡು ಸಾವಿರಕ್ಕೂ ಜಾಸ್ತಿ ಸುರಿದು ಕೆಟ್ಟ ಬಾಟಲಿ ತಂದೆ. ಅದನ್ನು ಮನೆಗೆ ಬಂದ ಭಾವನ ಮುಂದೆಯೇ ತೆರೆದು ಮರ್ಯಾದೆ ಕಳೆದುಕೊಂಡೆ.

ಅಂಗಡಿ ಹೆಸರು ಬೇಡ. ಪೋರ್ಚುಗಲ್‌ನ ರೂಬಿ ಪೋರ್ಟ್ ಅದು, ಅಂದ್ರೆ ಸ್ಪಿರಿಟ್ ಬೆರೆಸಿದ ಸಿಹಿ ವೈನಿನಲ್ಲಿ ಕೆಂಪು ಬಣ್ಣದ ಬಗೆ. ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಗಾಜಿನ ಶೋಕೇಸಿನಲ್ಲಿ ನಿಲ್ಲಿಸಿದ್ದರು. "ಇದೆಷ್ಟು ಹಳೇದು?" ಅಂದೆ. "ವೈನ್ ಅಲ್ವಾ ಸಾರ್, ಹಳೇದಾದಷ್ಟೂ ರುಚಿ" ಅಂದ. ಎಲ್ಲರೂ ಹೇಳೋ ಮಾತೇ. ಆದರೆ ಬಾಟಲಿಯಲ್ಲೇ ದಶಕಗಟ್ಟಲೆ ಮಾಗುವುದು ವಿಂಟೇಜ್ ಪೋರ್ಟ್. ಸಾಮಾನ್ಯ ರೂಬಿ ಹಾಗಲ್ಲ, ಅದು ಇಟ್ಟು ಮಾಗಿಸಲು ಮಾಡಿದ್ದೇ ಅಲ್ಲ.

ಸೀಲ್ ಕಿತ್ತರೆ ಬಿರಡೆ ಸುತ್ತ ಅಂಟಂಟು. ಒಳಗಿಂದ ಜಿನುಗಿದ್ದು ಕುತ್ತಿಗೆ ಮೇಲೆ ಜೋನಿಬೆಲ್ಲದ ಹಾಗೆ ಒಣಗಿ ಕೂತಿತ್ತು. ಗ್ಲಾಸಿಗೆ ಸುರಿದೆ. ಕೆಂಪು ಎಲ್ಲಿ? ಬರೀ ಕಂದು. ಮರದ ಪೀಪಾಯಿಯಲ್ಲಿ ಮಾಗಿಸಿದ ಟಾನಿ ಪೋರ್ಟ್ ಆಗಿದ್ದರೆ ಕಂದು ಬಣ್ಣ ಸರಿ, ಇದರ ಲೇಬಲ್ ಮೇಲೆ ದೊಡ್ಡದಾಗಿ ರೂಬಿ ಅಂತಿದೆ! ಹಣ್ಣಿನ ಪರಿಮಳವೇ ಇಲ್ಲ. ಭಾವ ಒಂದೇ ಗುಟುಕು ಕುಡಿದರು. ಗ್ಲಾಸನ್ನು ಮೆಲ್ಲಗೆ ನನ್ನ ಕಡೆ ಸರಿಸಿ, "ನೀವೂ ಸ್ವಲ್ಪ ಕುಡಿದು ನೋಡಿ" ಅಂದರು. ಅಷ್ಟೇ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ಬಾಟಲಿ ಹಿಡಿದು ಅಂಗಡಿಗೆ ಹೋದೆ. "ಓಪನ್ ಆಗಿದ್ದು ವಾಪಸ್ ತಗೊಳ್ಳಲ್ಲ ಸಾರ್." ಓಪನ್ ಮಾಡದೆ ಕೆಟ್ಟಿದೆ ಅಂತ ಗೊತ್ತಾಗೋದು ಹೇಗೆ ಮಾರಾಯ? "ಹುಳಿಯಾಗಿ ವಿನಿಗರ್ ಆಗಿಲ್ಲ ತಾನೇ?" ಇದು ಅವನ ದೊಡ್ಡ ಪಾಯಿಂಟು! ಆಗಲ್ಲ ಸ್ವಾಮಿ. ಹುದುಗು ಬರುವಾಗಲೇ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಆಲ್ಕೋಹಾಲ್ 20% ಆಸುಪಾಸಿಗೆ ತಂದಿರುತ್ತಾರೆ, ಅಷ್ಟರಲ್ಲಿ ವಿನಿಗರ್ ಮಾಡುವ ಬ್ಯಾಕ್ಟೀರಿಯಾಕ್ಕೆ ಬೆಳೆಯೋಕಾಗಲ್ಲ. ಗಾಳಿ, ಬಿಸಿಲು ಮಾತ್ರ ಬಿಡಲ್ಲ. ಬಣ್ಣ ಹೋಗುತ್ತದೆ, ರುಚಿ ಸಪ್ಪೆಯಾಗುತ್ತದೆ. ಇದನ್ನೆಲ್ಲ ಹೇಳಿದರೆ ಅವನು ನಗುತ್ತಾ, "ಈ ಐಟಂ ಇಲ್ಲಿ ಯಾರೂ ಕೇಳಲ್ಲ ಸಾರ್, ನೀವೇ ಫಸ್ಟು" ಅಂದ. ಯಾರೂ ಕೇಳಲ್ಲ ಅಂದ್ರೆ ಎಷ್ಟು ಬೇಸಿಗೆ ಆ ಗಾಜಿನ ಹಿಂದೆ ಬೆಂದಿತ್ತು ಅದು? ಗೊತ್ತಿದ್ದೇ ಕೊಟ್ಟಿದ್ದಾನೆ. ಗೊತ್ತಿದ್ದೇ!

ತಗೊಳ್ಳುವ ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ಮಟ್ಟ ಕುತ್ತಿಗೆಗಿಂತ ಕೆಳಗಿಳಿದಿದ್ದರೆ, ಬಿರಡೆ ಹತ್ತಿರ ಅಂಟು ಕಂಡರೆ ಬೇಡ. ತಯಾರಿಕೆ ತಾರೀಖು ಓದಿ. ಮಳೆಗಾಲದಲ್ಲಿ ಬಿರಡೆ ಮೇಲೆ ಬೂಷ್ಟು ಬಂದರೆ ಹೆದರಬೇಡಿ, ನಮ್ಮ ಮಲೆನಾಡಲ್ಲಿ ಚಪ್ಪಲಿಗೂ ಬರುತ್ತೆ, ಒರೆಸಿ ತೆರೆಯಿರಿ. ಮನೆಯಲ್ಲಿ ತಂಪು, ಕತ್ತಲೆ ಇರುವ ಕಡೆ ಇಡಿ. ತೆರೆದ ರೂಬಿ ಫ್ರಿಜ್ಜಿನಲ್ಲಿ ಒಂದು ತಿಂಗಳು ಚೆನ್ನಾಗಿರುತ್ತದೆ, ಟಾನಿ ಇನ್ನೂ ಸ್ವಲ್ಪ ಜಾಸ್ತಿ. ವಿಂಟೇಜ್ ಮಾತ್ರ ಎರಡು ಮೂರು ದಿನದಲ್ಲಿ ಮುಗಿಸಿಬಿಡಿ.

ಮತ್ತೆ ಬಿಲ್ ಕೇಳಿ ಇಸ್ಕೊಳ್ಳಿ. ನಾನೂ ಕೇಳಿದ್ದೆ. "ಪ್ರಿಂಟರ್ ಕೆಟ್ಟಿದೆ ಸಾರ್" ಅಂದಿದ್ದ.