ಆಲ್ಬರ್ಟಾ ಚರ್ಚಾ ಕಿಟ್: ದುಡ್ಡಿನ ಲೆಕ್ಕ ಪಕ್ಕಾ, ಪೈಪ್‌ಲೈನ್ ಲೆಕ್ಕ ಕಚ್ಚಾ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಝರಾಕ್ಸ್ ಅಂಗಡಿಗಳಲ್ಲಿ ಈಗ ಕಾಲೇಜು ಚರ್ಚಾಸ್ಪರ್ಧೆಗೆಂದೇ ಮಾಡಿದ ಕಿಟ್ ಸಿಗುತ್ತಿದೆ. ವಿಷಯ ಒಂದೇ: ‘ಸಭೆಯ ಅಭಿಪ್ರಾಯದಲ್ಲಿ ಆಲ್ಬರ್ಟಾ ಪ್ರಾಂತ ಕೆನಡಾದಿಂದ ಬೇರೆಯಾಗಿ ಸ್ವತಂತ್ರ ದೇಶವಾಗಬೇಕು’. ಬೆಲೆ 180 ರೂಪಾಯಿ. ಸ್ಪೈರಲ್ ಬೈಂಡಿಂಗ್‌ನ 48 ಪುಟದ ಪುಸ್ತಿಕೆ, ಪರ 12, ವಿರೋಧ 12 ಕಾರ್ಡು, ಒಂದು ನಕ್ಷೆ, ತೀರ್ಪುಗಾರರ ಅಂಕಪಟ್ಟಿ ಇಷ್ಟು ಇದರೊಳಗಿವೆ. ಮೊಬೈಲ್ ವರವೋ ಶಾಪವೋ ಎಂದು ಪ್ರತಿ ವರ್ಷ ಅದನ್ನೇ ಅರೆಯುವ ನಮ್ಮ ಕಾಲೇಜುಗಳಿಗೆ ಇಂಥ ವಿಷಯ ಬಂದದ್ದೇ ಒಳ್ಳೆಯದಾಯಿತು. ಕೊಳ್ಳಬಹುದು. ಆದರೆ ಕೆಲವು ಕಡೆ ತಿದ್ದಿಕೊಳ್ಳದೆ ವೇದಿಕೆಗೆ ಒಯ್ಯಬಾರದು.

ಮೊದಲು ಒಳ್ಳೆಯದನ್ನು ಹೇಳೋಣ. ಇತಿಹಾಸದ ಭಾಗ ಚೊಕ್ಕವಾಗಿದೆ. 1905ರಲ್ಲಿ ಆಲ್ಬರ್ಟಾ ಪ್ರಾಂತವಾದರೂ ಭೂಮಿ ಮತ್ತು ಖನಿಜದ ಒಡೆತನ ಕೇಂದ್ರದ ಕೈಯಲ್ಲೇ ಉಳಿದು, 1930ರಲ್ಲಷ್ಟೇ ಪ್ರಾಂತಕ್ಕೆ ಬಂತು. 1947ರ ಫೆಬ್ರುವರಿಯಲ್ಲಿ ಲೆಡುಕ್ ಬಾವಿಯಲ್ಲಿ ತೈಲ ಚಿಮ್ಮಿತು. 1980ರಲ್ಲಿ ಪ್ರಧಾನಿ ಪಿಯರ್ ಟ್ರುಡೊ ಅವರ ಕೇಂದ್ರ ಸರಕಾರ ರಾಷ್ಟ್ರೀಯ ಇಂಧನ ಕಾರ್ಯಕ್ರಮ ತಂದು ತೈಲದ ಬೆಲೆ ಮತ್ತು ತೆರಿಗೆಗೆ ಕೈಹಾಕಿತು, ಪ್ರಾಂತದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದಂತೆ) ಪೀಟರ್ ಲಾಹೀಡ್ ಉತ್ಪಾದನೆಯನ್ನೇ ಕಡಿತ ಮಾಡಿ ಉತ್ತರ ಕೊಟ್ಟರು. ನೈಸರ್ಗಿಕ ಸಂಪತ್ತಿನ ಮೇಲೆ ಪ್ರಾಂತಗಳಿಗೆ ಅಧಿಕಾರ ಕೊಡುವ, 1982ರ ಸಂವಿಧಾನದ 92ಎ ಕಲಮು ಆ ಜಗಳದಿಂದಲೇ ಹುಟ್ಟಿದ್ದು. ಈ ಸರಪಳಿ ಗೊತ್ತಿಲ್ಲದವರಿಗೆ ಇವತ್ತಿನ ಸಿಟ್ಟು ಎಲ್ಲಿಂದ ಬಂತೆಂಬುದು ತಿಳಿಯುವುದಿಲ್ಲ. ಪುಸ್ತಿಕೆ ಅದನ್ನು ಐದೇ ಪುಟದಲ್ಲಿ ಹೇಳಿ ಮುಗಿಸಿದೆ.

ಕಿಟ್‌ನ ನಿಜವಾದ ಬಂಡವಾಳ ಎಂದರೆ ಪರ ಕಾರ್ಡು 3 ಮತ್ತು ವಿರೋಧ ಕಾರ್ಡು 3. ಎರಡೂ ಸಮೀಕರಣ ಅನುದಾನದ ಮೇಲಿವೆ, ಅಂದರೆ ಆದಾಯದ ಬಲ ಕಡಿಮೆ ಇರುವ ಪ್ರಾಂತಗಳಿಗೆ ಕೇಂದ್ರ ಕೊಡುವ ಹಣದ ಮೇಲೆ. ಪರ ಕಾರ್ಡಿನ ವಾದ ಇದು: ಆಲ್ಬರ್ಟಾ 1964-65ರ ನಂತರ ಒಮ್ಮೆಯೂ ಈ ಅನುದಾನ ಪಡೆದಿಲ್ಲ, ಹಣದ ಸುಮಾರು ಅರ್ಧ ಕ್ಯುಬೆಕ್ ಪ್ರಾಂತದ ಪಾಲಾಗುತ್ತದೆ, 2021ರ ಅಕ್ಟೋಬರಿನ ಜನಮತದಲ್ಲಿ ಸುಮಾರು ಶೇ 62 ಮಂದಿ ಆಲ್ಬರ್ಟನ್ನರು ಇದನ್ನು ಸಂವಿಧಾನದಿಂದ ಕಿತ್ತುಹಾಕಿ ಎಂದರು. ಇದನ್ನು ಕೇಳಿದ ಮೇಲೆ ಎದುರಿನ ತಂಡಕ್ಕೆ ಬಾಯಿ ಕಟ್ಟಬೇಕು. ಆದರೆ ವಿರೋಧ ಕಾರ್ಡು ಸರಿಯಾದ ಎಳೆ ಹಿಡಿದಿದೆ: ಆಲ್ಬರ್ಟಾದ ರಾಜಧಾನಿ ಎಡ್ಮಂಟನ್‌ನ ಸರಕಾರ ಕೆನಡಾದ ರಾಜಧಾನಿ ಒಟ್ಟಾವಾಕ್ಕೆ ಯಾವ ಚೆಕ್ಕನ್ನೂ ಬರೆಯುವುದಿಲ್ಲ. ಈ ಹಣ ಹೋಗುವುದು ಕೇಂದ್ರದ ಬೊಕ್ಕಸದಿಂದ. ಆಲ್ಬರ್ಟಾದ ಕ್ಯಾಲ್ಗರಿಯವರಿಗೂ ಪೂರ್ವ ತೀರದ ಹ್ಯಾಲಿಫ್ಯಾಕ್ಸ್‌ನವರಿಗೂ ಕೇಂದ್ರ ಆದಾಯ ತೆರಿಗೆಯ ದರ ಒಂದೇ. ಸಂಬಳ ಹೆಚ್ಚಿರುವ ಕಡೆ ತೆರಿಗೆ ಹೆಚ್ಚು ಹುಟ್ಟುತ್ತದೆ, ಅಷ್ಟೇ. ತೈಲದ ರಾಯಲ್ಟಿ ಮಾತ್ರ ನೇರ ಪ್ರಾಂತಕ್ಕೇ ಸೇರುತ್ತದೆ. ಅದರ ಬಲದಲ್ಲೇ ಅಲ್ಲಿ ಪ್ರಾಂತೀಯ ಮಾರಾಟ ತೆರಿಗೆ ಇಲ್ಲ. ಪಾಟೀಸವಾಲಿನಲ್ಲಿ ‘ಆ ಚೆಕ್ಕಿಗೆ ಸಹಿ ಯಾರದ್ದು?’ ಎಂದು ಕೇಳಿದರೆ ಸಾಕು, ತಯಾರಿ ಇಲ್ಲದ ಪರ ಭಾಷಣಕಾರ ಅಲ್ಲೇ ನಿಲ್ಲುತ್ತಾನೆ.

ಇನ್ನು ತಪ್ಪುಗಳಿಗೆ ಬರೋಣ. ಆಲ್ಬರ್ಟಾಕ್ಕೆ ಕಡಲಿಲ್ಲ. ಪರ ಕಾರ್ಡು 7 ಇದನ್ನು ಒಂದೇ ಸಾಲಿನಲ್ಲಿ ತೇಲಿಸಿದೆ: ‘ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಪ್ರಕಾರ ಕಡಲಿಲ್ಲದ ದೇಶಕ್ಕೆ ದಾರಿ ಕೊಡಲೇಬೇಕು’. ಆ ಕಾನೂನಿನ 125ನೇ ವಿಧಿ ಹಕ್ಕು ಕೊಡುತ್ತದೆ, ನಿಜ. ಆದರೆ ಅದೇ ವಿಧಿ ಷರತ್ತುಗಳನ್ನು ಎರಡೂ ದೇಶಗಳ ಒಪ್ಪಂದಕ್ಕೆ ಬಿಟ್ಟಿದೆ. ಅದಕ್ಕಿಂತ ಮುಖ್ಯವಾದದ್ದು 124ನೇ ವಿಧಿ. ‘ಸಾಗಣೆ ಸಾಧನ’ ಎಂದು ಅದು ಹೆಸರಿಸುವುದು ರೈಲು, ಹಡಗು, ರಸ್ತೆ ವಾಹನಗಳನ್ನು. ಬೇಕಾದಲ್ಲಿ ಹಮಾಲರು, ಹೇರು ಹೊರುವ ಪ್ರಾಣಿಗಳೂ ಸೇರುತ್ತವೆ. ಪೈಪ್‌ಲೈನ್ ಸೇರಬೇಕಾದರೆ ಎರಡೂ ಕಡೆಯವರು ಒಪ್ಪಬೇಕು. ತೈಲವೇ ಬದುಕಾದ ಪ್ರಾಂತದ ಮಟ್ಟಿಗೆ ಇಡೀ ವಾದ ಬೀಳುವುದು ಇಲ್ಲೇ, ಮತ್ತು ವಿರೋಧ ಕಾರ್ಡುಗಳಲ್ಲಿ ಇದರ ಸುಳಿವೇ ಇಲ್ಲ.

ಉದಾಹರಣೆಯಾಗಿ ದಕ್ಷಿಣ ಸುಡಾನ್ ಇರಬೇಕಿತ್ತು. 2011ರ ಜುಲೈನಲ್ಲಿ ಸ್ವತಂತ್ರವಾದಾಗ ತೈಲ ಬಾವಿಗಳಲ್ಲಿ ಹೆಚ್ಚಿನವು ಅದರ ಪಾಲಿಗೆ ಬಂದವು, ಕಡಲಿಗೆ ಹೋಗುವ ಪೈಪು ಮಾತ್ರ ಸುಡಾನಿನ ನೆಲದಲ್ಲಿ ಉಳಿಯಿತು. ಸಾಗಣೆ ಶುಲ್ಕದ ಜಗಳದಲ್ಲಿ 2012ರ ಜನವರಿಯಲ್ಲಿ ದಕ್ಷಿಣ ಸುಡಾನ್ ತಾನೇ ಉತ್ಪಾದನೆ ನಿಲ್ಲಿಸಿತು, ಮತ್ತೆ ಶುರುವಾದದ್ದು 2013ರಲ್ಲಿ. ಕಿಟ್‌ನ ನಕ್ಷೆಯಲ್ಲಿ ಎಡ್ಮಂಟನ್‌ನಿಂದ ಪಶ್ಚಿಮ ಕಡಲತೀರದ ವ್ಯಾಂಕೂವರ್ ಪಕ್ಕದ ಬರ್ನಬಿಗೆ ಹೋಗುವ ಟ್ರಾನ್ಸ್ ಮೌಂಟನ್ ಪೈಪ್‌ಲೈನಿನ ಗೆರೆ ಇದೆ. ಅದನ್ನು 2018ರಲ್ಲಿ 450 ಕೋಟಿ ಕೆನಡಿಯನ್ ಡಾಲರ್ ಕೊಟ್ಟು ಕೊಂಡದ್ದು ಕೆನಡಾದ ಕೇಂದ್ರ ಸರಕಾರ ಎಂಬುದು ಎಲ್ಲೂ ಇಲ್ಲ. 2024ರ ಮೇನಲ್ಲಿ ವಿಸ್ತರಣೆ ಮುಗಿದು ಈಗ ಅದರ ಸಾಮರ್ಥ್ಯ ದಿನಕ್ಕೆ 8.9 ಲಕ್ಷ ಬ್ಯಾರೆಲ್. ದಕ್ಷಿಣಕ್ಕೆ ಅಮೆರಿಕ ಇದೆಯಲ್ಲ ಎನ್ನುವವರಿಗೆ ಆಲ್ಬರ್ಟಾದಿಂದ ಅಮೆರಿಕಕ್ಕೆ ಹೋಗಬೇಕಿದ್ದ ಕೀಸ್ಟೋನ್ ಎಕ್ಸ್‌ಎಲ್ ಪೈಪ್‌ಲೈನ್ ಉತ್ತರ: 2021ರ ಜನವರಿಯಲ್ಲಿ ಬೈಡನ್ ಅಧಿಕಾರ ವಹಿಸಿಕೊಂಡ ದಿನವೇ ಪರವಾನಗಿ ರದ್ದಾಯಿತು.

ಕಾನೂನಿನ ಭಾಗ ಅರ್ಧ ಸರಿ. ಏಕಪಕ್ಷೀಯವಾಗಿ ಬಿಟ್ಟುಹೋಗುವ ಹಕ್ಕಿಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಮಾತುಕತೆಗೆ ಕೂರಲೇಬೇಕು ಎಂದು 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು, 2000ದ ಸ್ಪಷ್ಟತಾ ಕಾಯ್ದೆ ಎರಡೂ ಇವೆ. ಪುಸ್ತಿಕೆಯಲ್ಲಿ ಬಿಟ್ಟುಹೋದದ್ದು ಮೂಲನಿವಾಸಿಗಳ ವಿಷಯ. ಅವರು ಮಾಡಿಕೊಂಡ 1876, 1877 ಮತ್ತು 1899ರ 6, 7, 8ನೇ ಒಪ್ಪಂದಗಳು ಪ್ರಾಂತದ ಬಹುತೇಕ ನೆಲವನ್ನು ಆವರಿಸಿವೆ. ಅವು ಆಗಿರುವುದು ಬ್ರಿಟಿಷ್ ರಾಜಸತ್ತೆಯ ಜೊತೆ, ಆಲ್ಬರ್ಟಾ ಹುಟ್ಟುವುದಕ್ಕೂ ಮುಂಚೆ. ಆ ಹಕ್ಕುಗಳನ್ನು ಸಂವಿಧಾನದ 35ನೇ ಕಲಮು ಕಾಯುತ್ತದೆ. ಇದನ್ನು ಬಿಟ್ಟು ಆಲ್ಬರ್ಟಾದ ಚರ್ಚೆ ಮಾಡುವುದು ಅನ್ಯಾಯ. ಖಾಲಿ ಕಾರ್ಡಿನಲ್ಲಿ ಕೈಯಿಂದಲೇ ಬರೆದು ಸೇರಿಸಿ.

ಎಲ್ಲಕ್ಕಿಂತ ಕೆಟ್ಟದ್ದು ‘ನಮ್ಮ ನೆಲಕ್ಕೆ ಹೋಲಿಕೆ’ ಎಂಬ 41ನೇ ಪುಟ. ‘ಆಲ್ಬರ್ಟಾಕ್ಕೆ ತೈಲ, ಕಲಬುರಗಿಗೆ ತೊಗರಿ ಮತ್ತು ಸುಣ್ಣದಕಲ್ಲು’ ಎಂದು ಬರೆದು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದ್ದಾರೆ. ಭಾಷಣದಲ್ಲಿ ಚಪ್ಪಾಳೆ ಬೀಳುತ್ತದೆ, ಪಾಟೀಸವಾಲಿನಲ್ಲಿ ತಂಡ ಬೀಳುತ್ತದೆ. ಆಲ್ಬರ್ಟಾದ ದೂರು ‘ನಾವು ಕೊಡುವುದು ಹೆಚ್ಚಾಯಿತು’ ಎಂಬುದು. ಕಲ್ಯಾಣ ಕರ್ನಾಟಕದ ದೂರು ‘ನಮಗೆ ಬರಬೇಕಾದದ್ದು ಬರಲಿಲ್ಲ’ ಎಂಬುದು. ವೈಜನಾಥ ಪಾಟೀಲರು ದಶಕಗಟ್ಟಲೆ ಹೋರಾಡಿದ್ದು, 98ನೇ ತಿದ್ದುಪಡಿಯಿಂದ 371(ಜೆ) ಬಂದದ್ದು, ಉದ್ಯೋಗ ಮತ್ತು ಶಿಕ್ಷಣದಲ್ಲಿ ಸ್ಥಳೀಯ ಮೀಸಲಾತಿ, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಸಿಕ್ಕದ್ದು ಈ ಎರಡನೇ ದೂರಿನಿಂದ. ಸೇಡಂ, ಚಿತ್ತಾಪುರದ ಸುಣ್ಣದಕಲ್ಲಿನ ರಾಯಲ್ಟಿ ಹೋಗುವುದು ಬೆಂಗಳೂರಿನ ಖಜಾನೆಗೆ, ಆಲ್ಬರ್ಟಾದ ರಾಯಲ್ಟಿ ಆಲ್ಬರ್ಟಾಕ್ಕೇ. ಇಲ್ಲಿ ಆಗಾಗ ಏಳುವ ಪ್ರತ್ಯೇಕ ರಾಜ್ಯದ ಕೂಗು ಸಹ ನಮ್ಮ ಸಂವಿಧಾನದ 3ನೇ ವಿಧಿಯೊಳಗಿನ ಬೇಡಿಕೆ, ದೇಶ ಬಿಡುವ ಮಾತಲ್ಲ. ಹೋಲಿಸಲೇಬೇಕೆಂದರೆ ಪಶ್ಚಿಮ ಆಸ್ಟ್ರೇಲಿಯಾ ತೆಗೆದುಕೊಳ್ಳಿ: 1933ರ ಜನಮತದಲ್ಲಿ ಮೂರರಲ್ಲಿ ಎರಡು ಪಾಲು ಬೇರೆಯಾಗೋಣ ಎಂದಿತು, ಅರ್ಜಿ ಲಂಡನ್‌ಗೆ ಹೋಯಿತು, 1935ರಲ್ಲಿ ಬ್ರಿಟಿಷ್ ಸಂಸತ್ತು ಅದನ್ನು ಸ್ವೀಕರಿಸಲೇ ಇಲ್ಲ.

ಸಮಯದ ಹಂಚಿಕೆಯಲ್ಲೂ ಎಡವಟ್ಟಿದೆ. ತಂಡಕ್ಕೆ ಇಬ್ಬರು, ತಲಾ ಐದು ನಿಮಿಷದ ಭಾಷಣ, ಎರಡು ನಿಮಿಷ ಪಾಟೀಸವಾಲು, ಮೂರು ನಿಮಿಷ ಖಂಡನೆ, ಇದೆಲ್ಲ ಸರಿ. ಆದರೆ ಮಾದರಿ ಭಾಷಣದಲ್ಲಿ 1905ರಿಂದ 1982ಕ್ಕೆ ಬರುವಷ್ಟರಲ್ಲೇ ಮೂರೂವರೆ ನಿಮಿಷ ಹೋಗುತ್ತದೆ, ನಾಲ್ಕಕ್ಕೆ ಎಚ್ಚರಿಕೆ ಗಂಟೆ. ಮೊದಲ ಭಾಷಣಕಾರರಿಗೆ ಇತಿಹಾಸಕ್ಕೆ ಒಂದು, ಹಣಕ್ಕೆ ಎರಡು, ಪೈಪ್‌ಲೈನಿಗೆ ಒಂದೂವರೆ ನಿಮಿಷ ಕೊಡಿ, ಅರ್ಧ ನಿಮಿಷ ಕೈಯಲ್ಲಿರಲಿ. ಕಾನೂನನ್ನು ಎರಡನೆಯವರಿಗೆ ಬಿಡಿ. ಅಂಕಪಟ್ಟಿಯಲ್ಲಿ ‘ಧ್ವನಿ, ಹಾವಭಾವ’ಕ್ಕೆ 30, ಖಂಡನೆಗೆ 10 ಇಟ್ಟಿದ್ದಾರೆ. ತೀರ್ಪುಗಾರರು ಅದನ್ನು ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಗಂಟಲು ದೊಡ್ಡದಿದ್ದವರೇ ಗೆಲ್ಲುತ್ತಾರೆ.

ಎಂಟು ತಂಡಗಳ ಸ್ಪರ್ಧೆಗೆ ಎರಡು ಕಿಟ್ ಸಾಕು, ಪುಸ್ತಿಕೆಯನ್ನು ಮಾತ್ರ ವಾರ ಮೊದಲೇ ಎಲ್ಲರಿಗೂ ಓದಲು ಕೊಡಿ. ಕಾರ್ಡಿನ ಕಾಗದ ತೆಳು, ಬೆಳಕಿಗೆ ಹಿಡಿದರೆ ಹಿಂದಿನ ಅಕ್ಷರ ಕಾಣುತ್ತದೆ, ಲ್ಯಾಮಿನೇಷನ್ ಮಾಡಿಸಿ. 2025ರಲ್ಲಿ ಪ್ರಾಂತದ ನಿಯಮ ಬದಲಾಗಿ ಜನಮತದ ಅರ್ಜಿಗೆ ಬೇಕಾದ ಸಹಿ 1,77,732ಕ್ಕೆ ಇಳಿದದ್ದು ಪುಸ್ತಿಕೆಯಲ್ಲಿ ಇಲ್ಲ, 30ನೇ ಪುಟದಲ್ಲಿ ಇನ್ನೂ ಹಳೆಯ ನಿಯಮವೇ ಇದೆ. ಬೀದರ್, ಯಾದಗಿರಿಯ ಕಾಲೇಜಿನವರು ತರಿಸಿಕೊಳ್ಳುವ ಮುಂಚೆ ಆ ಪುಟ ತಿದ್ದಿದ ಪ್ರತಿಯೇ ಬೇಕೆಂದು ಕೇಳಿ.